ಕಾಗದದ ಪ್ಯಾಟರ್ನ್ ಮಾಡಿದ ಅನುಭವ ಕಂಪ್ಯೂಟರಿಗೆ ಹೋದಮೇಲೆ ಉಪಯೋಗಕ್ಕೆ ಬರುತ್ತಾ?

ಎಂಟು ವರ್ಷದಿಂದ ಕಾಗದದ ಮೇಲೆ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬೇಕಾದ ಅಚ್ಚು) ತೆಗೆಯುತ್ತಿದ್ದೀರಿ, ಈಗ ಎಲ್ಲರೂ ಕಂಪ್ಯೂಟರ್ ಕಲಿ ಅನ್ನುತ್ತಿದ್ದಾರೆ, ಇಷ್ಟು ದಿನ ಕಲಿತದ್ದು ವ್ಯರ್ಥವಾಯಿತಾ, ಮೊದಲು ಯಾವ ಸಾಫ್ಟ್‌ವೇರ್ ಹಿಡಿಯಲಿ ಅಂತ ಕೇಳಿದ್ದೀರಿ. ನಾನೂ ಕಾಗದದಿಂದಲೇ ಕಂಪ್ಯೂಟರಿಗೆ ಬಂದವಳು.

ವ್ಯರ್ಥ ಖಂಡಿತ ಆಗಿಲ್ಲ. ಕಂಪ್ಯೂಟರ್ ನೀವು ಹೇಳಿದ ಗೆರೆಯನ್ನು ನೀಟಾಗಿ ಎಳೆಯುತ್ತದೆ. ಅದರ ಉದ್ದ ಎಷ್ಟು ಅಂತ ಕೇಳಿದರೆ ಕೂದಲೆಳೆ ತಪ್ಪದೆ ಹೇಳುತ್ತದೆ. ಆದರೆ ಯಾವಾಗ, ಯಾವುದನ್ನು ಕೇಳಬೇಕು ಅಂತ ಹೊಳೆಯಬೇಕಾದದ್ದು ನಿಮಗೆ. ಅದು ಕಾಗದ, ಕತ್ತರಿ ಹಿಡಿದ ಕೈಗೆ ಬೇಗ ಹೊಳೆಯುತ್ತದೆ.

ನನಗೇ ಆದದ್ದು ಹೇಳುತ್ತೇನೆ. ಹೊಸದಾಗಿ ಕಂಪ್ಯೂಟರಿನಲ್ಲಿ ಒಂದು ಶರ್ಟ್ ಮಾಡಿದ್ದೆ. ಎಂ ಸೈಜಿನ ಸ್ಯಾಂಪಲ್ ಚೆನ್ನಾಗಿ ಕೂತಿತು. ಉಳಿದ ಸೈಜುಗಳಿಗೆ ಗ್ರೇಡಿಂಗ್ ಮಾಡಲು, ಅಂದರೆ ಅದೇ ಪ್ಯಾಟರ್ನನ್ನು ಚಿಕ್ಕದು ದೊಡ್ಡದು ಮಾಡಲು, ಮುಂಭಾಗ, ಹಿಂಭಾಗದ ರೂಲ್ (ಸೈಜಿಗೆ ಎಷ್ಟು ಬದಲಾಗಬೇಕು ಅನ್ನುವ ಲೆಕ್ಕ) ಒಂದು ಹಳೆ ಸ್ಟೈಲಿನಿಂದ ತಂದೆ, ತೋಳಿನದು ಇನ್ನೊಂದರಿಂದ. ಒಂದು ಬಟನ್ ಒತ್ತಿದ್ದಕ್ಕೆ ಎಲ್ಲ ಸೈಜೂ ಬಂದವು. ಸ್ಕ್ರೀನಿನಲ್ಲಿ ಒಂದರ ಮೇಲೊಂದು ಗೆರೆ ಎಷ್ಟು ಚೆಂದ ಕಾಣುತ್ತಿತ್ತು! ಸೈಜ್ ಸೆಟ್, ಅಂದರೆ ಪ್ರತಿ ಸೈಜಿನ ಸ್ಯಾಂಪಲ್, ಹೊಲಿದು ಬಂದಾಗ ನೋಡಿದರೆ ತ್ರೀ ಎಕ್ಸ್‌ಎಲ್ ತೋಳಿನ ತಲೆಯ (ಭುಜಕ್ಕೆ ಕೂಡುವ ಮೇಲಿನ ತಿರುವಿನ) ಹತ್ತಿರ ಪೂರ್ತಿ ಸುಕ್ಕು. ಅಳೆದು ನೋಡಿದೆ. ಎಂ ಸೈಜಿನಲ್ಲಿ ತೋಳಿನ ತಲೆ ಆರ್ಮ್‌ಹೋಲಿಗಿಂತ (ತೋಳು ಕೂರಿಸುವ ಜಾಗದ ಅಂಚಿಗಿಂತ) 1 ಸೆಂ.ಮೀ. ಜಾಸ್ತಿ ಇತ್ತು, ಅದು ಸರಿ. ಆದರೆ ಒಂದೊಂದು ಸೈಜ್ ದೊಡ್ಡದಾದಂತೆ ತೋಳು 4 ಮಿ.ಮೀ. ಹೆಚ್ಚುವರಿ ಬೆಳೆದಿತ್ತು. ನಾಲ್ಕು ಸೈಜ್ ದಾಟುವಷ್ಟರಲ್ಲಿ ಆ ವ್ಯತ್ಯಾಸ 2.6 ಸೆಂ.ಮೀ. ಶರ್ಟಿನ ಬಟ್ಟೆಯಲ್ಲಿ ಅಷ್ಟನ್ನು ಹೊಲಿಗೆಯೊಳಗೆ ಅಡಗಿಸಲು ಯಾವ ಟೈಲರಿಗೂ ಆಗುವುದಿಲ್ಲ.

ಕಾಗದವಾಗಿದ್ದರೆ ಹೀಗಾಗುತ್ತಿರಲಿಲ್ಲ. ತೋಳಿನ ತುಂಡನ್ನು ಆರ್ಮ್‌ಹೋಲ್ ಅಂಚಿಗಿಟ್ಟು, ಪೆನ್ಸಿಲ್ ತುದಿ ಊರಿ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ನಾಚ್‌ನಿಂದ ನಾಚ್‌ಗೆ (ಎರಡು ತುಂಡು ಎಲ್ಲಿ ಸೇರಬೇಕು ಅಂತ ಅಂಚಿನಲ್ಲಿ ಹಾಕುವ ಗುರುತು) ನಡೆಸಿಕೊಂಡು ಹೋಗುತ್ತಿದ್ದೆ. ನೀವೂ ಮಾಡುತ್ತೀರಿ ಅಲ್ವಾ? ಅದೇ ಕೆಲಸ ಸಾಫ್ಟ್‌ವೇರಿನಲ್ಲಿ ವಾಕ್ ಅನ್ನುವ ಹೆಸರಿನಲ್ಲಿ ಇರುತ್ತದೆ. ದಯವಿಟ್ಟು ಮೊದಲು ಅದನ್ನು ಕಲಿಯಿರಿ. ಬೇಸ್ ಸೈಜಿನಲ್ಲಿ (ಮೊದಲು ಮಾಡಿದ ಸೈಜಿನಲ್ಲಿ) ಮಾತ್ರ ಅಲ್ಲ, ತೀರಾ ಚಿಕ್ಕದರಲ್ಲೂ ತೀರಾ ದೊಡ್ಡದರಲ್ಲೂ ನಡೆಸಿ ನೋಡಿ.

ಸಾಫ್ಟ್‌ವೇರ್ ಹೆಸರಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಾರ್ಖಾನೆಗಳಲ್ಲಿ ಗರ್ಬರ್ ಅಕ್ಯುಮಾರ್ಕ್, ಲೆಕ್ಟ್ರಾ ಮೊಡಾರಿಸ್, ಆಪ್ಟಿಟೆಕ್ಸ್, ಟುಕಾಕ್ಯಾಡ್ ಇವೆ. 2021ರಲ್ಲಿ ಗರ್ಬರನ್ನು ಲೆಕ್ಟ್ರಾ ಕೊಂಡುಕೊಂಡಿತು, ಹಾಗಾಗಿ ಮೊದಲೆರಡೂ ಈಗ ಒಂದೇ ಮನೆಯವು. ಒಂದು ಚೆನ್ನಾಗಿ ಬಂದರೆ ಇನ್ನೊಂದರಲ್ಲಿ ಬಟನ್ ಎಲ್ಲಿದೆ ಅಂತ ಹುಡುಕುವುದಷ್ಟೇ. ದುಡ್ಡು ಹಾಕದೆ ಕೈ ಪಳಗಿಸಬೇಕು ಅಂದರೆ ವ್ಯಾಲೆಂಟಿನಾ ಅಥವಾ ಸೀಮ್ಲಿ 2ಡಿ ನೋಡಿ. ಅದರಲ್ಲಿ ಎದೆ ಸುತ್ತಳತೆಯ ನಾಲ್ಕನೇ ಒಂದು ಭಾಗ, ಜೊತೆಗೆ ಇಷ್ಟು ಸಡಿಲ ಅಂತ ಸೂತ್ರ ಬರೆದೇ ಗೆರೆ ಎಳೆಯಬೇಕು. ಕಾಗದದಲ್ಲಿ ಡ್ರಾಫ್ಟ್ ಮಾಡಿದವರಿಗೆ ತುಂಬಾ ಹತ್ತಿರದ ದಾರಿ ಅದು. ತ್ರೀಡಿ ಆಮೇಲೆ ಇರಲಿ. ಬಟ್ಟೆಯ ತೂಕ, ದಪ್ಪ, ಎಳೆತ, ಬಾಗುವಿಕೆ ಸರಿಯಾಗಿ ಕೊಡದಿದ್ದರೆ ಪರದೆಯ ಮೇಲಿನ ಬೊಂಬೆಗೆ ಚೆಂದ ಕೂತದ್ದು ನಿಜವಾದ ಮೈಗೆ ಹಾಗೆ ಕೂರುವುದಿಲ್ಲ.

ಹೊಸ ಡಿಸೈನಿನಿಂದ ಶುರು ಮಾಡಬೇಡಿ. ನೀವೇ ಮಾಡಿ, ಹೊಲಿದು, ಸರಿಯಾಗಿ ಕೂತ ಒಂದು ಕಾಗದದ ಪ್ಯಾಟರ್ನ್ ತೆಗೆದುಕೊಳ್ಳಿ. ಅದನ್ನು ಡಿಜಿಟೈಸ್ ಮಾಡಿ (ಅದರ ಗೆರೆಗಳನ್ನು ಕಂಪ್ಯೂಟರಿಗೆ ಹಾಕಿ), ಪ್ಲಾಟರಿನಲ್ಲಿ (ಪೂರ್ತಿ ಅಳತೆಯಲ್ಲಿ ಕಾಗದಕ್ಕೆ ಇಳಿಸುವ ಯಂತ್ರದಲ್ಲಿ) ತೆಗೆದು, ಹಳೆಯ ಕಾಗದದ ಮೇಲೆ ಇಟ್ಟು ಬೆಳಕಿಗೆ ಹಿಡಿಯಿರಿ. ತಪ್ಪಿದ್ದರೆ ಹೆಚ್ಚಾಗಿ ಕುತ್ತಿಗೆ ಮತ್ತು ಆರ್ಮ್‌ಹೋಲಿನ ತಿರುವಿನಲ್ಲಿ ಇರುತ್ತದೆ. ಹೊಸಬರು ತಿರುವಿನಲ್ಲಿ ಹತ್ತಾರು ಪಾಯಿಂಟ್ ಇಡುತ್ತಾರೆ, ಗೆರೆ ಅಲೆಅಲೆಯಾಗುತ್ತದೆ. ನಾಲ್ಕೈದು ಸಾಕು.

ಬಟ್ಟೆ ಕುಗ್ಗುವ ಲೆಕ್ಕದಲ್ಲೂ ಹುಷಾರು. ತೊಳೆದರೆ ಉದ್ದಕ್ಕೆ ಶೇ. 10 ಕುಗ್ಗುವ ಬಟ್ಟೆ ಅಂದುಕೊಳ್ಳಿ. 60 ಸೆಂ.ಮೀ. ಉಳಿಯಬೇಕಾದರೆ ತುಂಬಾ ಜನ ಶೇ. 10 ಕೂಡಿಸಿ 66 ಮಾಡುತ್ತಾರೆ. 66ರಲ್ಲಿ ಶೇ. 10 ಹೋದರೆ ಉಳಿಯುವುದು 59.4. 60ನ್ನು 0.9ರಿಂದ ಭಾಗಿಸಬೇಕು, 66.67 ಬರುತ್ತದೆ. ನಿಮ್ಮ ಸಾಫ್ಟ್‌ವೇರ್ ಇದರಲ್ಲಿ ಯಾವುದನ್ನು ಮಾಡುತ್ತದೆ ಅಂತ 100 ಸೆಂ.ಮೀ. ಗೆರೆಯೊಂದನ್ನು ಹಾಕಿ ಮೊದಲೇ ನೋಡಿಕೊಳ್ಳಿ. ಉದ್ದಕ್ಕೂ ಅಗಲಕ್ಕೂ ಬೇರೆ ಬೇರೆ ಕೊಡಬೇಕು, ಗ್ರೇನ್ ಲೈನ್ (ಬಟ್ಟೆಯ ಉದ್ದದ ಎಳೆಯ ದಿಕ್ಕು ತೋರಿಸುವ ಗೆರೆ) ಓರೆಯಾಗಿದ್ದರೆ ಈ ಲೆಕ್ಕವೆಲ್ಲ ಕೆಡುತ್ತದೆ.

ಹಾಗಾದರೆ ಕಂಪ್ಯೂಟರಿನಿಂದ ಲಾಭ ಏನು? ತುಂಬಾ ಇದೆ. ಕುತ್ತಿಗೆ ಅರ್ಧ ಸೆಂ.ಮೀ. ಇಳಿಸಿ ಅಂದರೆ ಎಲ್ಲ ಸೈಜನ್ನೂ ಮತ್ತೆ ಕತ್ತರಿಸಿ ಕೂರುವ ಕಷ್ಟ ಇಲ್ಲ. ಮಾರ್ಕರ್ ಹಾಕುವಾಗ, ಅಂದರೆ ಬಟ್ಟೆಯ ಅಗಲದಲ್ಲಿ ತುಂಡುಗಳನ್ನು ಜೋಡಿಸುವಾಗ, ಅವನ್ನು ಅತ್ತಿತ್ತ ಸರಿಸಿ ಎಷ್ಟು ಬಟ್ಟೆ ಉಳಿಯುತ್ತೆ ಅಂತ ಆಗಲೇ ಕಾಣುತ್ತದೆ. ಉಡುಪಿನ ಖರ್ಚಿನಲ್ಲಿ ಬಟ್ಟೆಯದೇ ದೊಡ್ಡ ಪಾಲು, ಹಾಗಾಗಿ ಕತ್ತರಿಸಲು ಒಂದರ ಮೇಲೊಂದು ಹಾಸಿದ ಬಟ್ಟೆಯ ಒಂದು ಲೇಯರ್‌ನಲ್ಲಿ ಎರಡು ಸೆಂ.ಮೀ. ಉಳಿದರೂ ನೂರು ಲೇಯರ್‌ಗೆ ಎರಡು ಮೀಟರ್ ಉಳಿಯಿತು. ಇದನ್ನು ಕಂಡಮೇಲೆ ನನಗೆ ಕಾಗದಕ್ಕೆ ವಾಪಸ್ ಹೋಗಬೇಕು ಅನಿಸಿಲ್ಲ.

ಇನ್ನೊಂದು ಮಾತು. ಬೇರೆಯವರಿಗೆ ಡಿಎಕ್ಸ್‌ಎಫ್ ಫೈಲ್ (ಬೇರೆ ಸಾಫ್ಟ್‌ವೇರೂ ತೆರೆಯಬಲ್ಲ ಪ್ಯಾಟರ್ನ್ ಫೈಲ್) ಕಳಿಸುವಾಗ 10 ಸೆಂ.ಮೀ. ಚೌಕ ಒಂದನ್ನು ಪ್ಯಾಟರ್ನ್ ಜೊತೆಗೇ ಇಡಿ. ಫೈಲ್ ತೆರೆದ ತಕ್ಷಣ ಆ ಚೌಕ ಅಳೆಯಲು ಹೇಳಿ. ಇಂಚನ್ನು ಮಿಲಿಮೀಟರ್ ಅಂತ ಓದಿಕೊಂಡರೆ ತಕ್ಷಣ ಗೊತ್ತಾಗುತ್ತದೆ. ನಾಚ್‌ಗಳು ಎಷ್ಟಿದ್ದವು, ಅಷ್ಟೂ ಬಂದಿವೆಯಾ ಅಂತಲೂ ಎಣಿಸಿಕೊಳ್ಳಲಿ, ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಹೋಗುವಾಗ ಅವು ಬಿಟ್ಟುಹೋಗುವುದುಂಟು.