ಕೊಟ್ಟಿಗೆ ಛಾವಣಿಯಲ್ಲಿ ಮಣ್ಣಿನ ಹೂಜಿ

ಪ್ರಶ್ನೆ: ನಮ್ಮ ಕೊಟ್ಟಿಗೆಗೆ ಹೋದ ವರ್ಷ ಆರ್‌ಸಿಸಿ ಹಾಕಿಸಿದೆವು. ಈ ಮೇ ತಿಂಗಳಲ್ಲಿ ಒಂದು ಜೋಡಿ ಹಕ್ಕಿ ಛಾವಣಿಗೆ ಮಣ್ಣು ಮೆತ್ತಿ ಗೂಡು ಕಟ್ಟಿದೆ. ಹೂಜಿ ಮಲಗಿಸಿದ ಹಾಗಿದೆ. ಹಿಕ್ಕೆ ಗೋದಲಿಗೆ ಬೀಳುತ್ತದೆ. ಚಳಿಗಾಲದಲ್ಲಿ ಕರೆಂಟ್ ತಂತಿ ಮೇಲೆ ಸಾಲಾಗಿ ಕೂರುತ್ತವಲ್ಲ, ಅವೇನಾ ಇವು? ಗೂಡು ಕೀಳಬಹುದಾ?
– ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಹೂಜಿ ಅಂದಿರಲ್ಲ, ಅರ್ಧ ಉತ್ತರ ನೀವೇ ಹೇಳಿಬಿಟ್ಟಿರಿ. ಅದು ಕೆಂಪು ಸೊಂಟದ ಕವಲುತೋಕೆ. ಅಂಬರಕೀಚುಗ ಅಂತಲೂ ಕರೆಯುತ್ತಾರೆ. ಹಾರುವಾಗ ಬಾಲದ ಬುಡ ನೋಡಿ, ಕಾವಿ ಬಣ್ಣ ಕಾಣುತ್ತದೆ.

ತಂತಿ ಮೇಲೆ ಕೂರುವವುಗಳಲ್ಲಿ ಹೆಚ್ಚಿನವು ಬೇರೆ, ಸಾಮಾನ್ಯ ಕವಲುತೋಕೆ. ಅವುಗಳ ಹಣೆ, ಗಂಟಲು ಇಟ್ಟಿಗೆ ಕೆಂಪು. ಸೆಪ್ಟೆಂಬರ್ ಹೊತ್ತಿಗೆ ಬರುತ್ತವೆ, ಮಾರ್ಚ್-ಏಪ್ರಿಲ್‌ಗೆ ಹೊರಡುತ್ತವೆ. ಗೂಡು ಕಟ್ಟುವುದು ಹಿಮಾಲಯದಲ್ಲಿ, ಇನ್ನೂ ಉತ್ತರದ ದೇಶಗಳಲ್ಲಿ. ಅಲ್ಲಿ ಅವೂ ಕೊಟ್ಟಿಗೆಯನ್ನೇ ಹುಡುಕುತ್ತವೆ. ಆದರೆ ಅವುಗಳ ಗೂಡು ತೆರೆದ ಅರ್ಧ ಬಟ್ಟಲು. ಇಂಟರ್‌ನೆಟ್‌ನಲ್ಲಿ ‘ಕೊಟ್ಟಿಗೆ ಹಕ್ಕಿ’ ಅಂತ ಹುಡುಕಿದರೆ ಅದೇ ಚಿತ್ರ ಬರುತ್ತದೆ, ಗೊಂದಲ ಆಗದೆ ಇರುತ್ತಾ?

ಕೀಳುವ ಮುಂಚೆ ಒಂದು ಕೆಲಸ ಮಾಡಿ. ನಾಲೆ ಅಂಚಿನಲ್ಲೋ ಗದ್ದೆ ಬದುವಿನಲ್ಲೋ ಐದು ನಿಮಿಷ ನಿಂತುಕೊಳ್ಳಿ. ಹಕ್ಕಿ ಕೆಸರಿಗೆ ಇಳಿದು ಕೊಕ್ಕಿನಲ್ಲಿ ಕಾಳಿನಷ್ಟು ಮಣ್ಣು ಕಚ್ಚಿಕೊಂಡು ಹೋಗುತ್ತದೆ. ಆ ಉಂಡೆಗಳ ಗುರುತು ಗೂಡಿನ ಮೈಮೇಲೆ ಒಂದೊಂದೂ ಕಾಣುತ್ತದೆ. ಹೊಸದಾಗಿ ಮೆತ್ತಿದ್ದು ಕಪ್ಪು, ಒಣಗಿದ್ದು ಬಿಳಿಚು. ನೂರಾರು ಸಲ ಓಡಾಡಿದ ಮೇಲೆ ಅದು ಹೂಜಿ ಆಗಿರುವುದು.

ಕೀಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆ, ಗೂಡು ಕೆಡಿಸುವುದೂ ಬೇಟೆ ಅಂತಲೇ ಲೆಕ್ಕ. ಕಾಯ್ದೆ ಹಾಗಿರಲಿ, ಅದು ಹಾರುತ್ತಲೇ ನೊಣ, ಸೊಳ್ಳೆ ಹಿಡಿದು ತಿನ್ನುತ್ತದೆ. ಭತ್ತಕ್ಕೆ ಬಾಯಿ ಹಾಕುವುದಿಲ್ಲ.

ಮೊಟ್ಟೆಗೆ ಕಾವು ಸುಮಾರು ಎರಡು ವಾರ. ಮರಿ ಹಾರಲು ಮತ್ತೆ ಮೂರೂವರೆ ವಾರ. ಅಲ್ಲಿವರೆಗೆ ಗೋದಲಿಯ ಆ ಮೂಲೆಗೆ ಮೇಲುಗಡೆ ಒಂದು ತಗಡು ಕಟ್ಟಿ. ಗೂಡಿನಿಂದ ಎರಡು ಅಡಿಯಾದರೂ ಕೆಳಗಿರಲಿ. ಹತ್ತಿರ ಕಟ್ಟಿದರೆ ಕಾಗೆ, ಬೆಕ್ಕಿಗೆ ಕೂರಲು ಜಾಗ ಮಾಡಿಕೊಟ್ಟ ಹಾಗೆ. ಬೆಳಗ್ಗೆ ಹಿಕ್ಕೆ ಕೆರೆದು ತಿಪ್ಪೆಗೆ ಹಾಕಿ. ರಾತ್ರಿ ಬಾಗಿಲು ಹಾಕುವ ಕೊಟ್ಟಿಗೆಯಾದರೆ ಒಂದು ಕಿಟಕಿ ತೆರೆದೇ ಇಡಿ. ಇವು ಬೆಳಕು ಹರಿಯುತ್ತಲೇ ಹೊರಡಬೇಕು.

ಮರಿ ಹಾರಿಹೋದ ಮೇಲೂ ಗೂಡು ಸುಮ್ನೆ ಬಿಡಿ. ಮುಂದಿನ ವರ್ಷ ಹಳೇ ಗೂಡಿಗೇ ತೇಪೆ ಹಾಕಿ ಇರುವುದುಂಟು. ಆಮೇಲೆ ಯಾವತ್ತಾದರೂ ಹೂಜಿಯ ಬಾಯಿಂದ ಒಣಹುಲ್ಲು ಜೋತಾಡುತ್ತಿದ್ದರೆ, ಗುಬ್ಬಚ್ಚಿ ಬಾಡಿಗೆ ಕೊಡದೆ ಒಳಗೆ ಸೇರಿಕೊಂಡಿದೆ ಅಂದುಕೊಳ್ಳಿ.