ಮಗ ಪುಣೆಗೆ ಕಾರ್ ತಗೊಂಡು ಹೋಗ್ತಿದ್ದಾನೆ, ಇನ್ಶೂರೆನ್ಸ್ ಏನ್ ಮಾಡ್ಬೇಕು?

ಸರ್, ನಿಮ್ಮ ಪ್ರಶ್ನೆ ನಾನು ಅರ್ಥ ಮಾಡ್ಕೊಂಡಿದ್ದು ಹೀಗೆ: 2016ರ ಸ್ವಿಫ್ಟ್ ಪೆಟ್ರೋಲ್, ಕೆಎ-17 ರಿಜಿಸ್ಟ್ರೇಷನ್, ಆರ್‌ಸಿ ನಿಮ್ಮ ಹೆಸರಲ್ಲಿದೆ, ಮಗನಿಗೆ ಪುಣೆಲಿ ಸೀಟ್ ಸಿಕ್ಕಿದೆ, ಗಾಡಿ ಅವನ ಜೊತೆ ಕಳಿಸ್ತಿದ್ದೀರಿ. ಅಮೆರಿಕದಲ್ಲಿರೋ ಭಾವಮೈದ ಪಾಲಿಸಿಗೆ ಮಗನ ಹೆಸರು ಸೇರಿಸ್ಲೇಬೇಕು ಅಂತಾರೆ, ಏಜೆಂಟ್ ಹಳೇ ಗಾಡಿ ಬಿಡಿ ಸರ್ ಥರ್ಡ್ ಪಾರ್ಟಿ ಸಾಕು ಅಂತಾನೆ. ನಾನು ದಾವಣಗೆರೆಲೇ ಒಂದು ಗ್ಯಾರೇಜಲ್ಲಿ ಕ್ಲೈಮ್ ಪೇಪರ್ ನೋಡ್ಕೊಳ್ಳೋನು. ಇಬ್ಬರ ಮಾತೂ ನಿಮಗೆ ಆಗಿಬರಲ್ಲ.

ಮೊದಲು ಅಮೆರಿಕದ ಮಾತು. ಅಲ್ಲಿ ಮನೇಲಿ ಯಾರ್ಯಾರು ಗಾಡಿ ಓಡಿಸ್ತಾರೆ, ಅವರ ವಯಸ್ಸೆಷ್ಟು ಅನ್ನೋದು ನೋಡಿ ಪ್ರೀಮಿಯಂ ಹಾಕ್ತಾರೆ, ಮಗ ಕಾರ್ ಮನೇಲೇ ಬಿಟ್ಟು ನೂರು ಮೈಲಿಗಿಂತ ದೂರದ ಕಾಲೇಜಿಗೆ ಹೋದ್ರೆ ಎಷ್ಟೋ ಕಂಪನಿಗಳು ಡಿಸ್ಕೌಂಟ್ ಕೂಡ ಕೊಡ್ತವೆ. ಅವರು ಹೇಳಿದ್ದು ಅವರ ಊರಿಗೆ ಸರಿ. ನಮ್ಮಲ್ಲಿ ಪಾಲಿಸಿ ಗಾಡಿಗೆ, ಓಡಿಸೋನಿಗಲ್ಲ. ನಿಮ್ಮ ಒಪ್ಪಿಗೆ ಮೇಲೆ, ಆ ಹೊತ್ತಿಗೆ ಚಾಲ್ತಿಯಲ್ಲಿರೋ ಡಿಎಲ್ ಇಟ್ಕೊಂಡು ಯಾರು ಓಡಿಸಿದ್ರೂ ನಡೆಯುತ್ತೆ, ಇಡೀ ದೇಶದಲ್ಲಿ ನಡೆಯುತ್ತೆ. ಪುಣೆಗೆ ಹೋದ ಮಾತ್ರಕ್ಕೆ ಪ್ರೀಮಿಯಂ ಜಾಸ್ತಿನೂ ಆಗಲ್ಲ, ಯಾಕಂದ್ರೆ ಬೆಂಗಳೂರು, ಪುಣೆ ಥರದ ದೊಡ್ಡ ಊರು ಎ ಝೋನ್, ದಾವಣಗೆರೆ ಬಿ ಝೋನ್, ಅದನ್ನ ಗಾಡಿ ಎಲ್ಲಿ ರಿಜಿಸ್ಟರ್ ಆಗಿದೆ ಅಂತ ನೋಡಿ ಹಾಕೋದು. ಆದ್ರೂ ಗಾಡಿ ಈಗ ಪುಣೆಲಿರುತ್ತೆ ಅಂತ ಕಂಪನಿಗೆ ಒಂದು ಮೇಲ್ ಹಾಕಿಡಿ, ನಾಳೆ ಕ್ಲೈಮ್ ಬಂದಾಗ ಹಾನಿ ನೋಡೋಕೆ ಬರೋ ಸರ್ವೇಯರ್ ಪ್ರಶ್ನೆ ಕಮ್ಮಿ ಆಗ್ತವೆ.

ಈಗ ಥರ್ಡ್ ಪಾರ್ಟಿ ಸಾಕು ಅನ್ನೋ ಮಾತಿಗೆ ಬರೋಣ, ಇದನ್ನ ದಯವಿಟ್ಟು ಸ್ವಲ್ಪ ನಿಧಾನವಾಗಿ ಓದಿ. ನಿಮ್ಮ ಗಾಡಿ 1197 ಸಿಸಿ, 2022ರ ಜೂನ್‌ನಲ್ಲಿ ಬಂದ ದರದ ಪ್ರಕಾರ ಥರ್ಡ್ ಪಾರ್ಟಿಗೆ 3,416 ರೂಪಾಯಿ, ಮೇಲೆ ಜಿಎಸ್‌ಟಿ. ರೋಡಲ್ಲಿ ಹೋಗೋರಿಗೆ ಏನಾದ್ರೂ ಆದ್ರೆ ಅದು ನೋಡ್ಕೊಳ್ಳುತ್ತೆ, ಸಾವು ಅಥವಾ ಗಾಯ ಆದ್ರೆ ಇಷ್ಟೇ ಅಂತ ಮಿತಿ ಇಲ್ಲ, ಆಸ್ತಿ ಹಾನಿಗೆ ಏಳೂವರೆ ಲಕ್ಷದವರೆಗೆ. ಆದ್ರೆ ಕಾಲೇಜ್ ಹುಡುಗನ ಕಾರ್ ಯಾವತ್ತಾದ್ರೂ ಖಾಲಿ ಓಡಿದ್ದು ನೋಡಿದ್ದೀರಾ? ಶನಿವಾರ ಬಂದ್ರೆ ಲೋನಾವಳ, ಸಿಂಹಗಡ ಅಂತ ಹಿಂದೆ ಮೂರು ಜನ ಮುಂದೆ ಇಬ್ಬರು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ರೆ ಪ್ರೈವೇಟ್ ಕಾರೊಳಗೆ ಸುಮ್ಮನೆ ಜೊತೆಗೆ ಕೂತಿರೋ ಆ ಫ್ರೆಂಡ್ಸ್ ಅದರಲ್ಲಿ ಬರಲ್ಲ, ಅವರಿಗೇನಾದ್ರೂ ಆದ್ರೆ ಪರಿಹಾರ ಗಾಡಿ ಮಾಲೀಕರಾದ ನಿಮ್ಮ ತಲೆ ಮೇಲೆ ಬೀಳುತ್ತೆ. ಕಾಂಪ್ರಹೆನ್ಸಿವ್, ಅಂದ್ರೆ ನಿಮ್ಮ ಗಾಡಿ ಹಾನಿನೂ ಸೇರಿರೋ ಪ್ಯಾಕೇಜ್ ಪಾಲಿಸಿಲಿ ಕಾರೊಳಗಿರೋರೂ ಬರ್ತಾರೆ, 2009ರಲ್ಲೇ ಇನ್ಶೂರೆನ್ಸ್ ಕಂಪನಿಗಳ ಮೇಲ್ವಿಚಾರಣೆ ಮಾಡೋ ಐಆರ್‌ಡಿಎ ಇದನ್ನ ಕಂಪನಿಗಳಿಗೆ ಸ್ಪಷ್ಟವಾಗಿ ಬರೆದು ಕಳಿಸಿದೆ. ಹಾಗಾಗಿ ಗಾಡಿಗೆ ಬೆಲೆ ಇಲ್ಲ ಅಂತ ಲೆಕ್ಕ ಹಾಕ್ಬೇಡಿ, ಒಳಗೆ ಕೂರೋ ಮಕ್ಕಳನ್ನ ನೋಡಿ ಪ್ಯಾಕೇಜ್ ಮಾಡಿಸಿ.

ಇನ್ನು ಏಜೆಂಟರು ಹೇಳದೇ ಬಿಡೋ ವಿಷಯ. ಪ್ಯಾಕೇಜ್ ಮಾಡಿಸಿದ್ರೂ ಡ್ರೈವರ್ ಸೀಟಲ್ಲಿ ಕೂತ ನಿಮ್ಮ ಮಗನಿಗೆ ತನ್ನ ತಪ್ಪಿಂದ ಏನಾದ್ರೂ ಆದ್ರೆ ಅದರಿಂದ ಪರಿಹಾರ ಸಿಗುತ್ತೆ ಅಂತ ನಂಬ್ಕೊಳ್ಳೋ ಹಾಗಿಲ್ಲ. ಪಾಲಿಸಿಯ ಮೊದಲ ಪುಟದಲ್ಲಿ ಪ್ರೀಮಿಯಂ ಲೆಕ್ಕದ ಟೇಬಲ್ ಇರುತ್ತೆ, ಬಲಗಡೆ ಕಾಲಂ ಕೆಳಗೆ ಬನ್ನಿ, ಪಿಎ (ಪರ್ಸನಲ್ ಆಕ್ಸಿಡೆಂಟ್) ಕವರ್ ಓನರ್ ಡ್ರೈವರ್ ಅಂತ ಒಂದು ಸಾಲು, 15 ಲಕ್ಷ. ಅದನ್ನ ನೋಡಿ ಎಲ್ಲರೂ ಸದ್ಯ ಡ್ರೈವರ್‌ಗೆ 15 ಲಕ್ಷ ಇದೆಯಲ್ಲ ಅಂತ ಸಮಾಧಾನ ಮಾಡ್ಕೋತಾರೆ. ಅದು ಓನರ್‌ಗೆ ಮಾತ್ರ, ಓನರ್ ಅಂದ್ರೆ ಆರ್‌ಸಿಲಿ ಹೆಸರಿರೋರು, ಅಂದ್ರೆ ನೀವು, ನೀವಿರೋದು ದಾವಣಗೆರೆಲಿ. ಮಗ ಓಡಿಸಿ ತನ್ನ ತಪ್ಪಿಂದಲೇ ಎಲ್ಲೋ ಗುದ್ದಿದ್ರೆ ಅವನು ಥರ್ಡ್ ಪಾರ್ಟಿನೂ ಅಲ್ಲ, ಆರ್‌ಸಿಲಿ ಹೆಸರಿರೋ ಓನರೂ ಅಲ್ಲ. ನಮ್ಮ ಕಡೆಯದ್ದೇ ಒಂದು ಕೇಸ್ ಇದೆ, ಇಳಕಲ್ ಕಡೆಯ ಒಬ್ಬರು ಬೇರೆಯವರ ಬೈಕ್ ಕೇಳಿ ತಗೊಂಡು ಊರಿಗೆ ಹೋಗುವಾಗ ಎತ್ತಿನ ಗಾಡಿಗೆ ಗುದ್ದಿ ತೀರ್ಕೊಂಡ್ರು, ಹೆಂಡತಿ ಪರಿಹಾರಕ್ಕೆ ಸುಪ್ರೀಂ ಕೋರ್ಟ್‌ವರೆಗೆ ಹೋದ್ರು, 2009ರಲ್ಲಿ ಕೋರ್ಟ್ ಹೇಳಿದ್ದು, ಗಾಡಿ ಕೇಳಿ ಪಡ್ಕೊಂಡು ಓಡಿಸಿದವನು ಓನರ್ ಜಾಗದಲ್ಲೇ ನಿಂತ ಹಾಗೆ, ಥರ್ಡ್ ಪಾರ್ಟಿ ಅಲ್ಲ, ಅದಕ್ಕೆ 163ಎ ಸೆಕ್ಷನ್‌ನಲ್ಲಿ (ಯಾರ ತಪ್ಪು ಅಂತ ನೋಡದೆ ಪರಿಹಾರ ಕೊಡೋಕೆ ಆಗ ಇದ್ದ ಸೆಕ್ಷನ್) ಅದೇ ಗಾಡಿ ಪಾಲಿಸಿಯಿಂದ ಪರಿಹಾರ ಕೇಳೋಕೆ ಬರಲ್ಲ ಅಂತ. ಅಪ್ಪನ ಕಾರ್ ಓಡಿಸೋ ಮಗನ ಪರಿಸ್ಥಿತಿನೂ ಇದೇ ದಾರಿ.

ಇದಕ್ಕೆ ದಾರಿ ಇದೆ, ದುಬಾರಿನೂ ಅಲ್ಲ. ಮಗನ ಹೆಸರಲ್ಲೇ ಬೇರೆ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ಮಾಡಿಸಿ. ಅದು ಕಾರಿಗೆ ಅಂಟ್ಕೊಂಡಿರಲ್ಲ, ಅವನು ಫ್ರೆಂಡ್ ಬೈಕಲ್ಲಿ ಹಿಂದೆ ಕೂತಿದ್ರೂ ನಡೆಯುತ್ತೆ. ಕಾರ್ ಪಾಲಿಸಿಲೇ ಅವನ ಹೆಸರು ಬರೆಸಿ ಪಿಎ ಕವರ್ ಸೇರಿಸ್ಬಹುದು, ಆದ್ರೆ ಹಳೇ ಟಾರಿಫ್‌ನಲ್ಲಿ, ಅಂದ್ರೆ ಮೋಟಾರು ಇನ್ಶೂರೆನ್ಸ್ ದರ-ನಿಯಮದ ಪುಸ್ತಕದಲ್ಲಿ, ಅದರ ಮಿತಿ ತಲೆಗೆ 2 ಲಕ್ಷ, ನನ್ನ ಪ್ರಕಾರ ಸಾಲಲ್ಲ. ಕಾರನ್ನೇ ಮಗನ ಹೆಸರಿಗೆ ಮಾಡ್ಲಾ ಅಂತ ಕೇಳ್ಬಹುದು, ಮಾಡಿದ್ರೆ 15 ಲಕ್ಷದ ಕವರ್ ಅವನಿಗೆ ಸಿಗುತ್ತೆ ನಿಜ, ಆದ್ರೆ ನಿಮ್ಮ ನೋ ಕ್ಲೈಮ್ ಬೋನಸ್, ಅಂದ್ರೆ ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ, ಅವನಿಗೆ ಹೋಗಲ್ಲ, 50 ಪರ್ಸೆಂಟ್‌ವರೆಗೆ ಬಂದಿದ್ರೆ ಅವನು ಸೊನ್ನೆಯಿಂದ ಶುರು ಮಾಡ್ಬೇಕು. ನಾಲ್ಕು ವರ್ಷದ ಓದಿಗೆ ಅಷ್ಟೆಲ್ಲಾ ಬೇಡ.

ಮಗನಿಗೆ ನೇರವಾಗಿ ಹೇಳಬೇಕಾದ್ದೂ ಇದೆ. ಡಿಎಲ್ ಇಲ್ಲದ ಫ್ರೆಂಡ್ ಕೈಗೆ ಕೀ ಕೊಡ್ಬಾರದು, ಆಕ್ಸಿಡೆಂಟ್ ಆದ್ರೆ ಕೋರ್ಟ್ ಹೇಳಿದ್ದಕ್ಕೆ ಕಂಪನಿ ಎದುರಿನವರಿಗೆ ದುಡ್ಡು ಕೊಟ್ರೂ ಆಮೇಲೆ ಅದನ್ನ ನಿಮ್ಮಿಂದ ವಸೂಲಿ ಮಾಡ್ಬಹುದು. ಪ್ರತಿ ಟ್ರಿಪ್‌ಗೆ ಇಷ್ಟು ಅಂತ ಬಾಡಿಗೆ ತಗೊಂಡು ಕರ್ಕೊಂಡು ಹೋಗೋದೂ ಬೇಡ, ಪ್ರೈವೇಟ್ ಕಾರ್ ಪಾಲಿಸಿ ಅದಕ್ಕಲ್ಲ. ಮಳೆಗಾಲದಲ್ಲಿ ಪಾರ್ಕಿಂಗ್ ನೋಡ್ಕೊಳ್ಳೋಕೆ ಹೇಳಿ, 2024ರ ಜುಲೈಲಿ ಖಡಕ್ವಾಸ್ಲಾ ಡ್ಯಾಮಿಂದ ನೀರು ಬಿಟ್ಟಾಗ ಸಿಂಹಗಡ ರೋಡ್ ಕಡೆ ಸೊಸೈಟಿಗಳೊಳಗೆ ನೀರು ನುಗ್ಗಿತ್ತು. ನೀರಲ್ಲಿ ನಿಂತ ಗಾಡಿನ ಸ್ಟಾರ್ಟ್ ಮಾಡೋಕೆ ಹೋದ್ರೆ ಸಿಲಿಂಡರ್ ಒಳಗೆ ನೀರು ಎಳ್ಕೊಂಡು ಕನೆಕ್ಟಿಂಗ್ ರಾಡ್ ಬಗ್ಗುತ್ತೆ, ಆ ಇಂಜಿನ್ ಖರ್ಚು ಮಾಮೂಲಿ ಪ್ಯಾಕೇಜಲ್ಲಿ ಸಿಗೋದು ಕಷ್ಟ, ಇಷ್ಟು ಹಳೇ ಗಾಡಿಗೆ ಅದಕ್ಕಂತಲೇ ಇರೋ ಇಂಜಿನ್ ಪ್ರೊಟೆಕ್ಟ್ ಅನ್ನೋ ಹೆಚ್ಚುವರಿ ಕವರ್ ಸಾಮಾನ್ಯವಾಗಿ ಕೊಡಲ್ಲ. ಮುಟ್ಟದೇ ಟೋ ಮಾಡಿಸಿದ್ರೆ ನೀರಿಂದ ಆದ ಹಾನಿ ಪ್ಯಾಕೇಜಲ್ಲಿ ಬರುತ್ತೆ. ಎರಡನೇ ಕೀ ಮನೇಲೇ ಜೋಪಾನವಾಗಿಡಿ, ಗಾಡಿ ಕಳುವಾದ್ರೆ ಕಂಪನಿಯವರು ಎರಡೂ ಕೀ ಕೇಳ್ತಾರೆ.

ಇನ್ಶೂರೆನ್ಸ್‌ದಲ್ಲದ ಒಂದು ವಿಷಯ, ಬೇರೆ ರಾಜ್ಯದಲ್ಲಿ ಗಾಡಿ 12 ತಿಂಗಳಿಗಿಂತ ಜಾಸ್ತಿ ಇದ್ರೆ ಅಲ್ಲಿನ ನಂಬರ್ ತಗೋಬೇಕು, ಮೋಟಾರು ವಾಹನ ಕಾಯ್ದೆ 47ನೇ ಸೆಕ್ಷನ್. ಆಗ ಎನ್‌ಒಸಿ, ರೋಡ್ ಟ್ಯಾಕ್ಸ್ ಎಲ್ಲಾ ಬರುತ್ತೆ, ಪಾಲಿಸಿಲೂ ಹೊಸ ನಂಬರ್ ಬರೆಸ್ಬೇಕು.

ನಿಮ್ಮ ಪಾಲಿಸಿ ರಿನ್ಯೂವಲ್ ಯಾವಾಗ ಅಂತ ಬರೆದಿಲ್ಲ. ಮುಗಿದು 90 ದಿನ ದಾಟಿದ್ರೆ ನೋ ಕ್ಲೈಮ್ ಬೋನಸ್ ಹೋಗುತ್ತೆ, ಅದನ್ನ ಇವತ್ತೇ ನೋಡಿ. ಮೊದಲ ಪುಟದ ಫೋಟೋ ಹಾಕಿ, ಹೆಸರು ನಂಬರ್ ಮುಚ್ಚಿ ಹಾಕಿ, ಏನಿದೆ ಏನಿಲ್ಲ ಅಂತ ನೋಡಿ ಹೇಳ್ತೀನಿ.