ಪ್ರತಿಕ್ರಿಯೆ: ಪಿಯುಸಿ ಆದಮೇಲೆ ಪತ್ರಿಕೋದ್ಯಮ, ಕಡಿಮೆ ಖರ್ಚಿನಲ್ಲಿ ಎಲ್ಲಿ?

ಅಂಕೋಲೆಯವರು ಅಂದಿರಿ, ತಂಗಿಯದು ಆರ್ಟ್ಸ್ ಪಿಯುಸಿ, ಮಣಿಪಾಲದ ಫೀ ಭರಿಸಲಾಗದು, ಧಾರವಾಡವೋ ಉಜಿರೆಯೋ ಎಂಬುದು ಪ್ರಶ್ನೆ.

ಡಿಗ್ರಿ ಹಂತದಲ್ಲೇ ಸಾಲ ಮಾಡಬೇಡಿ. ಪತ್ರಿಕೋದ್ಯಮ ಒಂದು ವಿಷಯವಾಗಿರುವ ಬಿಎ ಸಾಕು; ಈಗ ಡಿಗ್ರಿ ಮತ್ತೆ 3 ವರ್ಷದ್ದೇ ಆಗಿದೆ. ಎಂಎಯನ್ನು ಧಾರವಾಡದ ಕರ್ನಾಟಕ ವಿವಿಯಲ್ಲೋ ಕೊಣಾಜೆಯ ಮಂಗಳೂರು ವಿವಿಯಲ್ಲೋ ಮಾಡಬಹುದು. ಬಿಎಗೆ ಉಜಿರೆಯ ಎಸ್‌ಡಿಎಂ ಕಾಲೇಜು ಒಳ್ಳೆಯ ಆಯ್ಕೆಯೇ, ಆದರೆ ಹಾಸ್ಟೆಲ್ ಖರ್ಚು ಸೇರಿಸಿ ಲೆಕ್ಕ ಹಾಕಿ. ಫೀ ಕಡಿಮೆ ಇದ್ದರೂ ಊಟ-ವಸತಿಯಲ್ಲೇ ದುಡ್ಡು ಕರಗುತ್ತದೆ. ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್, ವಿದ್ಯಾಸಿರಿ (ಹಾಸ್ಟೆಲ್ ಸಿಗದವರಿಗೆ ಊಟ-ವಸತಿಗೆ ಕೊಡುವ ಸರ್ಕಾರಿ ನೆರವು) ಎರಡನ್ನೂ ವಿಚಾರಿಸಿ. ಜಾತಿ-ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡಿ, ಕೊನೇ ಗಳಿಗೆಯಲ್ಲಿ ನಾಡಕಚೇರಿಗೆ ಓಡುವುದು ಬೇಡ.

ಕಾಲೇಜು ನೋಡಲು ಹೋದಾಗ ಕಟ್ಟಡ, ಸ್ಟುಡಿಯೋದ ಬಣ್ಣದ ದೀಪ ನೋಡಿ ಮರುಳಾಗಬೇಡಿ. ವಿದ್ಯಾರ್ಥಿಗಳೇ ತರುವ ಪ್ರಯೋಗ ಪತ್ರಿಕೆಯ ಇತ್ತೀಚಿನ ಸಂಚಿಕೆ ಕೇಳಿ. ತಾರೀಖು ನೋಡಿ, ಎರಡು ವರ್ಷ ಹಳೆಯದನ್ನು ಬೀರುವಿನಿಂದ ತೆಗೆದುಕೊಟ್ಟರೆ ಅರ್ಥ ಮಾಡಿಕೊಳ್ಳಿ. ಒಳಗೆ ಪ್ರಾಂಶುಪಾಲರ ಸನ್ಮಾನ, ವಾರ್ಷಿಕೋತ್ಸವ ಅಷ್ಟೇ ಇದೆಯೋ, ಹುಡುಗರು ಊರಿನ ನೀರು, ಬಸ್ಸು, ಮೀನುಪೇಟೆ ಸುತ್ತಿ ಬರೆದ ವರದಿಯೂ ಇದೆಯೋ? ನನಗಂತೂ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ (ಕಾಲೇಜಿನ ಗುಣಮಟ್ಟ ನೋಡಿ ಕೊಡುವ ನ್ಯಾಕ್ ಗ್ರೇಡ್ ಕೂಡ ಇದರ ನಂತರವೇ). ಕ್ಯಾಮೆರಾ ವಿದ್ಯಾರ್ಥಿಗಳ ಕೈಗೆ ಸಿಗುತ್ತದೋ, ಬೀಗದೊಳಗೇ ಇರುತ್ತದೋ ಎಂದು ಅಲ್ಲಿನ ಅಂತಿಮ ವರ್ಷದವರನ್ನೇ ಕೇಳಿ, ಮೇಷ್ಟ್ರನ್ನಲ್ಲ.

ರಜೆಯಲ್ಲಿ ಕಾರವಾರ ಆಕಾಶವಾಣಿಯಲ್ಲೋ, ಕರಾವಳಿ ಮುಂಜಾವಿನಂಥ ಜಿಲ್ಲಾ ಪತ್ರಿಕೆಯಲ್ಲೋ ಕೆಲಸ ಕಲಿಯಲು ಅವಕಾಶ ಇದೆಯಾ ಎಂದು ತಂಗಿಯೇ ಹೋಗಿ ಕೇಳಲಿ. ನೀವು ಜೊತೆಗೆ ಹೋಗಬೇಡಿ.